ಆಫೀಸಿಗೆ ಎಐ ಬಂದಿದೆ, ಸಹಿ ಹಾಕುವವರು ಏನು ಕಲಿಯಬೇಕು?

ಸಂಘದ ಕಾರ್ಯದರ್ಶಿ, ಕಾಸರಗೋಡು

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಕಡೆಯ ಒಂದು ಸೇವಾ ಸಹಕಾರಿ ಸಂಘದಲ್ಲಿ ನಾನು ಕಾರ್ಯದರ್ಶಿ. ಗುಮಾಸ್ತನಾಗಿ ಸೇರಿ 22 ವರ್ಷ ಆಯಿತು. ಕಾರ್ಯದರ್ಶಿಯ ಕುರ್ಚಿಗೆ ಬಂದು ಎರಡು ವರ್ಷ. ಕೈಕೆಳಗೆ ಒಂಬತ್ತು ಜನ ಇದ್ದಾರೆ. ಒಂದು ವಿಷಯ ಮನಸ್ಸನ್ನು ಕೊರೆಯುತ್ತಿದೆ. ನಿಮ್ಮಲ್ಲಿ ಗೊತ್ತಿದ್ದವರು ಹೇಳಬೇಕು.

ನಮ್ಮಲ್ಲಿ ಮಹಾಸಭೆಯ ನೋಟೀಸು ಮೊದಲು ಮಲಯಾಳದಲ್ಲಿ ತಯಾರಾಗುತ್ತದೆ. ಆಮೇಲೆ ಕನ್ನಡ. ಸದಸ್ಯರಲ್ಲಿ ವಯಸ್ಸಾದವರು ಜಾಸ್ತಿ, ಅವರು ಓದುವುದು ಕನ್ನಡ ಮಾತ್ರ. ಈ ಕನ್ನಡದ ಕೆಲಸವನ್ನು ಹಿರಿಯ ಗುಮಾಸ್ತರೊಬ್ಬರು ವರ್ಷಗಟ್ಟಲೆ ಕೈಬರಹದಲ್ಲಿ ಮಾಡುತ್ತಿದ್ದರು. ಎರಡು ದಿನ ಹಿಡಿಯುತ್ತಿತ್ತು. ಮಾರ್ಚ್‌ನಲ್ಲಿ ಅವರು ನಿವೃತ್ತರಾದರು. ಈ ಸಲ ಹೊಸ ಹುಡುಗ ಅದನ್ನು ಎಐಗೆ ಹಾಕಿ ಐದು ನಿಮಿಷದಲ್ಲಿ ಕೊಟ್ಟ. ಮೇಲ್ನೋಟಕ್ಕೆ ಕಣ್ಣಾಡಿಸಿದೆ. ಅಕ್ಷರ ತಪ್ಪಿಲ್ಲ, ಭಾಷೆ ಚಂದ. ಸಹಿ ಹಾಕಿದೆ.

ಕವರಿಗೆ ತುಂಬುವಾಗ ನಮ್ಮ ಅಟೆಂಡರ್ ಅಕ್ಕ ಕೇಳಿದರು, "ಸಾರ್, ಅಧ್ಯಕ್ಷರ ಅನುವಾದವಿಲ್ಲದೆ ಯಾರೂ ಮಾತನಾಡಬಾರದು ಅಂತ ಉಂಟಲ್ಲ, ಇದೇನು?" ನೋಡಿದರೆ ಹೌದು. ಮಲಯಾಳದಲ್ಲಿ ಅನುವಾದಂ ಅಂದರೆ ಅನುಮತಿ. ಅದು ಹಾಗೇ ಕನ್ನಡಕ್ಕೆ ಬಂದು ಕೂತಿತ್ತು. ತಿದ್ದಿ ಮತ್ತೆ ಪ್ರಿಂಟ್ ತೆಗೆದೆವು. ಬಚಾವಾದೆವು ಅಂದುಕೊಂಡೆ.

ನಾಲ್ಕು ದಿನ ಕಳೆದು ಹಳೆಯ ಸದಸ್ಯರೊಬ್ಬರು ನೋಟೀಸು ಹಿಡಿದುಕೊಂಡು ಬಂದರು. ಅದರಲ್ಲಿ 'ಲೆಕ್ಕಪತ್ರ ನೋಡಲು ಸದಸ್ಯರಿಗೆ ಅವಕಾಶವಿದೆ' ಅಂತ ಇತ್ತು. ಅವರು ಹೇಳಿದ್ದು ಇಷ್ಟು: "ಕಳೆದ ವರ್ಷದವರೆಗೆ ಹಕ್ಕಿದೆ ಅಂತ ಬರೆಯುತ್ತಿದ್ದಿರಿ. ಈಗ ಅವಕಾಶ ಅಂತ ಮಾಡಿದ್ದೀರಿ. ನೀವು ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ ಅಂತಲಾ?" ಮಲಯಾಳದ ಅವಕಾಶಂ ಅಂದರೆ ಹಕ್ಕು. ಕನ್ನಡದಲ್ಲಿ ಆ ಪದಕ್ಕೆ ಬೇರೆ ಅರ್ಥ. ವಾಕ್ಯ ಸರಿಯಾಗಿಯೇ ಕಾಣುತ್ತದೆ, ಹಾಗಾಗಿ ನನಗೂ ಗೊತ್ತಾಗಲಿಲ್ಲ, ಅಟೆಂಡರ್ ಅಕ್ಕನಿಗೂ ಗೊತ್ತಾಗಲಿಲ್ಲ. ಅಷ್ಟರಲ್ಲಿ ನೋಟೀಸು ಎಲ್ಲ ಮನೆಗೂ ಹೋಗಿತ್ತು.

ಆ ಹಿರಿಯರ ಮುಖ ಇನ್ನೂ ಕಣ್ಣ ಮುಂದಿದೆ. ಹುಡುಗನನ್ನು ಬೈಯಲು ನನಗೆ ಮನಸ್ಸಿಲ್ಲ. ಕೆಳಗೆ ಇರುವುದು ನನ್ನ ಸಹಿ. ಎಐ ಬೇಡ ಅನ್ನುವ ಯೋಚನೆಯೂ ಇಲ್ಲ, ಕೆಲಸ ನಿಜವಾಗಿ ಹಗುರ ಆಗಿದೆ. ನನ್ನಂಥ ಜಾಗದಲ್ಲಿ ಇರುವವರು ಏನು ಕಲಿಯಬೇಕು? ಎಲ್ಲಿಂದ ಶುರು ಮಾಡಬೇಕು?

—

ಕುಂಬಳೆಯವಳು, ಈಗ ಬೆಂಗಳೂರು

ಕಾರ್ಯದರ್ಶಿ ಅಣ್ಣ, ನಾನು ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ 14 ಜನರ ತಂಡ ನೋಡಿಕೊಳ್ಳುತ್ತೇನೆ. ಒಂದು ಪ್ರಶ್ನೆ. ಆ ಹುಡುಗ ಎಐಗೆ ಏನಂತ ಕೇಳಿದ್ದ? ಅದೇ ಮಾತಿನಲ್ಲಿ ಹೇಳಿ.

—

ಸಂಘದ ಕಾರ್ಯದರ್ಶಿ, ಕಾಸರಗೋಡು

'ಇದನ್ನು ಕನ್ನಡಕ್ಕೆ ಮಾಡಿಕೊಡು.' ಅಷ್ಟೇ.

—

ಕುಂಬಳೆಯವಳು, ಈಗ ಬೆಂಗಳೂರು

ನನ್ನ ಅಂದಾಜೂ ಅದೇ ಆಗಿತ್ತು. ಸ್ವಲ್ಪ ಉದ್ದ ಬರೆಯುತ್ತೇನೆ.

ಈ ಚಾಟ್‌ಜಿಪಿಟಿ, ಜೆಮಿನಿ ಎಲ್ಲದರ ಒಳಗಿನ ಕೆಲಸ ಒಂದೇ ಜಾತಿಯದು. ರಾಶಿ ರಾಶಿ ಬರಹ ಓದಿಸಿ, ಒಂದು ತುಂಡು ಪದದ ಮುಂದೆ ಯಾವ ತುಂಡು ಬರಬಹುದು ಅಂತ ಊಹಿಸಲು ಅದಕ್ಕೆ ಕಲಿಸಿದ್ದಾರೆ. ಅದು ಬರೆಯುವುದು ಆ ಊಹೆಯ ಮೇಲೆ. ಹಾಗಾಗಿ ಸರಿ ಉತ್ತರವೂ ತಪ್ಪು ಉತ್ತರವೂ ಒಂದೇ ಧೈರ್ಯದಲ್ಲಿ ಬರುತ್ತವೆ. ಮನುಷ್ಯರಾದರೆ ಗೊತ್ತಿಲ್ಲದ ಕಡೆ ಸ್ವಲ್ಪ ತಡವರಿಸುತ್ತಾರೆ, ನಮಗೆ ಸುಳಿವು ಸಿಗುತ್ತದೆ. ಇಲ್ಲಿ ಆ ಸುಳಿವು ಇಲ್ಲ. ಅದರ ಮೇಲೆ ಇಂಗ್ಲಿಷಿನ ಬರಹ ಅದಕ್ಕೆ ಸಿಕ್ಕಷ್ಟು ಕನ್ನಡದ್ದು ಸಿಕ್ಕಿಲ್ಲ. ಕಾಸರಗೋಡಿನ ಕನ್ನಡವಂತೂ ಇನ್ನೂ ಕಡಿಮೆ.

ಅದಕ್ಕೇ ಕೇಳುವ ರೀತಿ ಮುಖ್ಯ. ಹೊಸದಾಗಿ ಸೇರಿದ ಗುಮಾಸ್ತನಿಗೆ ಹೇಗೆ ಹೇಳುತ್ತೀರಿ ಯೋಚಿಸಿ. ಓದುವವರು 60 ದಾಟಿದ ಕೃಷಿಕರು. ಕಳೆದ ವರ್ಷದ ನೋಟೀಸು ಇಲ್ಲಿದೆ, ಪದಗಳು ಹೀಗೇ ಇರಬೇಕು. ಅನುವಾದಂ ಅಂದರೆ ಅನುಮತಿ, ಅವಕಾಶಂ ಅಂದರೆ ಹಕ್ಕು, ಅಪೇಕ್ಷ ಅಂದರೆ ಅರ್ಜಿ. ಸಂಶಯ ಇರುವ ಪದದ ಅಡಿಗೆ ಗೆರೆ ಹಾಕು, ನೀನೇ ತೀರ್ಮಾನಿಸಬೇಡ. ಇಷ್ಟು ಹೇಳಿದರೆ ಫಲಿತಾಂಶ ಬೇರೆಯೇ ಬರುತ್ತದೆ. ಪೂರ್ತಿ ಸರಿ ಬರುತ್ತದೆ ಅಂತ ನಾನು ಹೇಳುವುದಿಲ್ಲ. ತಪ್ಪುಗಳು ಕಡಿಮೆಯಾಗುತ್ತವೆ, ಹುಡುಕುವುದು ಸುಲಭ ಆಗುತ್ತದೆ.

ನಮ್ಮ ಕಂಪನಿಗೆ ಯುರೋಪಿನ ಗ್ರಾಹಕರಿದ್ದಾರೆ. ಅಲ್ಲಿನ ಎಐ ಕಾನೂನಿನ ಒಂದು ಭಾಗ 2025ರ ಫೆಬ್ರವರಿ 2ರಿಂದ ಜಾರಿಗೆ ಬಂತು. ಎಐ ಬಳಸುವ ಸಂಸ್ಥೆ ತನ್ನ ಸಿಬ್ಬಂದಿಗೆ ಅದರ ಬಗ್ಗೆ ಸಾಕಷ್ಟು ತಿಳಿವಳಿಕೆ ಇರುವ ಹಾಗೆ ನೋಡಿಕೊಳ್ಳಬೇಕು ಅನ್ನುತ್ತದೆ ಅದು. ನೀವು ಕೇಳಿದ ಪ್ರಶ್ನೆಯನ್ನೇ ಅಲ್ಲಿ ಕಾನೂನು ಕೇಳುತ್ತಿದೆ.

—

ನಿವೃತ್ತ ಬ್ಯಾಂಕಿನವ, ಮಂಜೇಶ್ವರ

ತಂಗಿ ಹೇಳಿದ್ದು ಸರಿ ಇದೆ, ಆದರೆ ನಾನು ಇನ್ನೊಂದು ಕಡೆಯಿಂದ ಹೇಳುತ್ತೇನೆ. ಕೇಳುವ ರೀತಿಯನ್ನು ಒಂದು ವಾರದಲ್ಲಿ ಕಲಿಯಬಹುದು. ಆ ಹಳೆಯ ಸದಸ್ಯರು ತಪ್ಪು ಹಿಡಿದದ್ದು ಹೇಗೆ? ಅವರಿಗೆ ಎಐ ಗೊತ್ತಿಲ್ಲ. ನಿಯಮಾವಳಿ ಗೊತ್ತು. ತನ್ನ ಹಕ್ಕು ಯಾವುದು ಅಂತ ಗೊತ್ತು.

ಬ್ಯಾಂಕುಗಳಿಗೆ ಕಂಪ್ಯೂಟರ್ ತರುವ ಬಗ್ಗೆ ರಂಗರಾಜನ್ ಸಮಿತಿ 1984ರಲ್ಲಿ ವರದಿ ಕೊಟ್ಟಿತು. ನಾನಿದ್ದ ಶಾಖೆಗೆ ಅದು ಬಂದು ತಲುಪಿದ್ದು 90ರ ದಶಕದಲ್ಲಿ. ಆಗ ನಮ್ಮ ಮ್ಯಾನೇಜರ್ "ಅದೆಲ್ಲ ಹುಡುಗರು ನೋಡಿಕೊಳ್ಳುತ್ತಾರೆ" ಅಂತ ಬಿಟ್ಟರು. ಒಬ್ಬ ಗುಮಾಸ್ತನ ಕೈಗೆ ಎಲ್ಲ ಹೋಯಿತು. ಅವನು ರಜೆ ಹಾಕಿದ ದಿನ ಶಾಖೆ ನಿಂತಿತು. ಅದಕ್ಕಿಂತ ದೊಡ್ಡ ತೊಂದರೆ ಮತ್ತೊಂದಿತ್ತು. ಯಂತ್ರ ಕೊಟ್ಟ ಬಡ್ಡಿ ಲೆಕ್ಕವನ್ನು ಯಾರೂ ಕೈಯಲ್ಲಿ ಹಾಕಿ ನೋಡುತ್ತಿರಲಿಲ್ಲ. ಒಂದು ಜಾತಿಯ ಸಾಲಕ್ಕೆ ಬಡ್ಡಿ ದರ ತಪ್ಪಾಗಿ ತುಂಬಿಸಿದ್ದರು. ಗೊತ್ತಾದದ್ದು ಆರು ತಿಂಗಳ ಮೇಲೆ, ಒಬ್ಬ ರೈತ ಪಾಸ್‌ಬುಕ್ ಹಿಡಿದುಕೊಂಡು ಬಂದಾಗ. ನಾನು ಮ್ಯಾನೇಜರ್ ಆದ ಮೇಲೆ ಪ್ರತಿ ಶನಿವಾರ ಐದು ಖಾತೆ ಆರಿಸಿ, ಪೆನ್ನು ಕಾಗದದಲ್ಲಿ ಬಡ್ಡಿ ಹಾಕುತ್ತಿದ್ದೆ. ನಿವೃತ್ತಿಯವರೆಗೂ ಬಿಡಲಿಲ್ಲ.

ನಿಮ್ಮ ಹಿರಿಯ ಗುಮಾಸ್ತರ ಆ ಎರಡು ದಿನದಲ್ಲಿ ಬರೀ ಬರವಣಿಗೆ ಇರಲಿಲ್ಲ ಕಾರ್ಯದರ್ಶಿಗಳೇ. ಒಂದೊಂದು ಪದಕ್ಕೂ ನಿಂತು ಯೋಚಿಸುವುದು ಇತ್ತು. ಬರವಣಿಗೆ ಈಗ ಐದು ನಿಮಿಷಕ್ಕೆ ಇಳಿದಿದೆ. ಯೋಚನೆಗೆ ಅರ್ಧ ದಿನವಾದರೂ ಇಡಿ.

—

ಅಂಗಡಿ, ಬದಿಯಡ್ಕ

ಇಷ್ಟೆಲ್ಲ ರಗಳೆ ಯಾಕೆ ಮಾರಾಯ್ರೆ? ಆಫೀಸಿನಲ್ಲಿ ಎಐ ಮುಟ್ಟಬಾರದು ಅಂತ ಒಂದು ಆರ್ಡರ್ ಹಾಕಿಬಿಡಿ. ಕೇಂದ್ರ ಹಣಕಾಸು ಸಚಿವಾಲಯವೇ 2025ರ ಜನವರಿಯಲ್ಲಿ ಆಫೀಸಿನ ಕಂಪ್ಯೂಟರಿನಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್ ಬಳಸಬೇಡಿ ಅಂತ ತನ್ನವರಿಗೆ ಹೇಳಿತ್ತು. ಅವರಿಗೆ ಬೇಡವಾದದ್ದು ನಮಗೆ ಯಾಕೆ?

—

ಹೆಡ್ ಟೀಚರ್, ಕನ್ನಡ ಮಾಧ್ಯಮ ಶಾಲೆ

ಅಂಗಡಿ ಅಣ್ಣ, ಸಚಿವಾಲಯ ಹೇಳಿದ್ದಕ್ಕೆ ಕಾರಣ ಗುಟ್ಟಿನ ಕಾಗದಗಳು ಹೊರಗೆ ಹೋಗಬಾರದು ಅಂತ. ಆ ಕಾರಣ ನಮಗೂ ಇದೆ. ಆದರೆ ಪೂರ್ತಿ ಬೇಡ ಅಂದರೆ ಏನಾಗುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ.

2024ರಲ್ಲಿ ಕೇರಳದ ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಸರಕಾರಿ ಸಂಸ್ಥೆ ಕೈಟ್ ಸುಮಾರು 80,000 ಶಿಕ್ಷಕರಿಗೆ ಎಐ ತರಬೇತಿ ಶುರು ಮಾಡಿತು. ನಮ್ಮ ಶಾಲೆಯಿಂದಲೂ ಹೋಗಿ ಬಂದರು. ಅದಕ್ಕೂ ಮೊದಲು ನಾನು ಸ್ಟಾಫ್ ಮೀಟಿಂಗಿನಲ್ಲಿ "ಇಂಥದ್ದೆಲ್ಲ ಇಲ್ಲಿ ಬೇಡ" ಅಂತ ಗಟ್ಟಿಯಾಗಿ ಹೇಳಿದ್ದೆ. ಎಲ್ಲರೂ ತಲೆ ಆಡಿಸಿದರು. ಕೆಲವು ತಿಂಗಳ ನಂತರ ಪ್ರಶ್ನೆಪತ್ರಿಕೆಯಲ್ಲಿ ನಮ್ಮ ಪಾಠಪುಸ್ತಕದಲ್ಲಿ ಇಲ್ಲದ ಪ್ರಶ್ನೆ ಬಂತು. ಮಕ್ಕಳು ಅತ್ತರು. ಆ ಟೀಚರ್ ತಾನೇ ತಯಾರಿಸಿದ್ದು ಅಂದರು. ಮನೆಯಲ್ಲಿ ಮೊಬೈಲಿನಲ್ಲಿ ಎಐ ಹತ್ತಿರ ಮಾಡಿಸಿದ್ದು ಅಂತ ಹೇಳಲು ಅವರಿಗೆ ಹೆದರಿಕೆ. ಆ ಹೆದರಿಕೆ ಹುಟ್ಟಿಸಿದ್ದು ನಾನು. ಬಳಸುವವರು ಬಳಸುತ್ತಲೇ ಇದ್ದರು, ನನಗೆ ಕಾಣದ ಹಾಗೆ.

ಈಗ ಒಂದು ಮಾತು ಮಾಡಿಕೊಂಡಿದ್ದೇವೆ. ಎಐ ಬಳಸಿದರೆ ಕಾಗದದ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆಯುವುದು. ಯಾರೂ ಬೈಯುವುದಿಲ್ಲ. ಅಂಥ ಕಾಗದವನ್ನು ಇನ್ನೊಬ್ಬ ಟೀಚರ್ ಓದುತ್ತಾರೆ. ನಾನು ಬಳಸಿದ್ದನ್ನೂ ಮೀಟಿಂಗಿನಲ್ಲಿ ಹೇಳುತ್ತೇನೆ, ಎಲ್ಲಿ ಎಡವಿದೆ ಅಂತಲೂ ಹೇಳುತ್ತೇನೆ. ನಾನು ಹೇಳಲು ಶುರು ಮಾಡಿದ ಮೇಲೆಯೇ ಉಳಿದವರು ಬಾಯಿ ಬಿಟ್ಟರು.

ಕಾರ್ಯದರ್ಶಿಗಳೇ, ನಿಮ್ಮ ಹುಡುಗ ಎಐಗೆ ಹಾಕಿದ್ದೆ ಅಂತ ನಿಮಗೆ ಹೇಳಿದ್ದಾನೆ ಅಲ್ವಾ? ಅದು ದೊಡ್ಡದು. ಆ ಬಾಗಿಲು ಮುಚ್ಚದ ಹಾಗೆ ನೋಡಿಕೊಳ್ಳಿ.

—

ಕುಂಬಳೆಯವಳು, ಈಗ ಬೆಂಗಳೂರು

ಟೀಚರ್ ಹೇಳಿದ್ದಕ್ಕೆ ನಂದೂ ಒಂದು ಸೇರಿಸುತ್ತೇನೆ. ಗುಟ್ಟಿನ ಕಾಗದದ ವಿಷಯ. 2023ರಲ್ಲಿ ಸ್ಯಾಮ್‌ಸಂಗ್‌ನ ಸಿಬ್ಬಂದಿ ಕಂಪನಿಯ ಒಳಗಿನ ಪ್ರೋಗ್ರಾಂ ಬರಹವನ್ನು ಚಾಟ್‌ಜಿಪಿಟಿಗೆ ಹಾಕಿಬಿಟ್ಟರು. ಆಮೇಲೆ ಕಂಪನಿ ಅದರ ಬಳಕೆಯನ್ನೇ ನಿಲ್ಲಿಸಿತು. ಅವರು ಕೆಟ್ಟ ಬುದ್ಧಿಯಿಂದ ಹಾಕಿದ್ದಲ್ಲ, ಕೆಲಸ ಬೇಗ ಮುಗಿಸೋಣ ಅಂತ ಹಾಕಿದ್ದು. ಮಹಾಸಭೆಯ ನೋಟೀಸಾದರೆ ಹೇಗೂ ಎಲ್ಲರಿಗೂ ಹೋಗುವ ಕಾಗದ, ಪರವಾಗಿಲ್ಲ. ಸಾಲ ಬಾಕಿ ಇರುವವರ ಪಟ್ಟಿ, ಆಧಾರ್ ನಂಬರ್, ಮನೆಯ ಅಡವು ಪತ್ರ, ಇದು ಯಾವುದನ್ನೂ ಮೊಬೈಲಿನ ಫ್ರೀ ಆಪ್‌ಗೆ ಹಾಕಲೇಬಾರದು. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯಿದೆ ಇದೆ. ಕಾಯಿದೆ ಇಲ್ಲದಿದ್ದರೂ ಊರಿನವರ ಸಾಲದ ಸುದ್ದಿ ಊರಿನವರದ್ದೇ. ಯಾವ ಕಾಗದ ಹಾಕಬಹುದು, ಯಾವುದು ಹಾಕಬಾರದು ಅಂತ ಗೋಡೆಗೆ ಬರೆದು ಅಂಟಿಸಿ. ಅದನ್ನು ಹುಡುಗರ ತೀರ್ಮಾನಕ್ಕೆ ಬಿಡಬಾರದು.

—

ವಕೀಲರ ಗುಮಾಸ್ತ, ಕಾಸರಗೋಡು

ನಮ್ಮ ಕೋರ್ಟಿನ ಕಡೆಯ ಸಂಗತಿ ನಿಮಗೆ ಉಪಯೋಗಕ್ಕೆ ಬರಬಹುದು. ಕೇರಳ ಹೈಕೋರ್ಟ್ 2025ರ ಜುಲೈಯಲ್ಲಿ ಜಿಲ್ಲಾ ನ್ಯಾಯಾಲಯಗಳಿಗೆ ಎಐ ಬಳಕೆಯ ನೀತಿ ಹೊರಡಿಸಿತು. ತೀರ್ಪು ಕೊಡಲು ಎಐ ಬಳಸುವ ಹಾಗಿಲ್ಲ. ಒಪ್ಪಿಗೆ ಸಿಕ್ಕಿದ ಸಾಧನ ಮಾತ್ರ ಬಳಸಬೇಕು. ಎಲ್ಲಿ ಬಳಸಿದರು, ಯಾರು ಪರಿಶೀಲಿಸಿದರು ಅನ್ನುವುದಕ್ಕೆ ದಾಖಲೆ ಇಡಬೇಕು. ಭಾಷಾಂತರಕ್ಕೆ ಬಳಸಿದರೆ ಅರ್ಹ ಭಾಷಾಂತರಕಾರರೋ ನ್ಯಾಯಾಧೀಶರೋ ಅದನ್ನು ನೋಡಬೇಕು. ನಿಮ್ಮ ನೋಟೀಸಿನ ವಿಷಯಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ.

ಅಮೆರಿಕದ ನ್ಯೂಯಾರ್ಕಿನಲ್ಲಿ 2023ರಲ್ಲಿ ವಕೀಲರು ಚಾಟ್‌ಜಿಪಿಟಿ ಕೊಟ್ಟ ಹಳೆಯ ತೀರ್ಪುಗಳನ್ನು ಕೋರ್ಟಿಗೆ ಹಾಕಿದರು. ಹುಡುಕಿದರೆ ಅಂಥ ಕೇಸುಗಳೇ ಇಲ್ಲ. 5,000 ಡಾಲರ್ ದಂಡ ಬಿತ್ತು. ಅವರಲ್ಲಿ ಒಬ್ಬರು ಈ ಕೇಸುಗಳು ನಿಜವಾ ಅಂತ ಆ ಚಾಟ್‌ಜಿಪಿಟಿಯನ್ನೇ ಕೇಳಿದ್ದರು. ಅದು ಹೌದು ಅಂದಿತ್ತು. ನಾನು ನನ್ನ ಜೂನಿಯರ್ ಹುಡುಗರಿಗೆ ಈ ಕತೆಯನ್ನು ಪೂರ್ತಿ ಹೇಳುತ್ತೇನೆ. ಬರೆದವನ ಹತ್ತಿರವೇ ಸರಿಯಾ ಅಂತ ಕೇಳಿದರೆ ಪರಿಶೀಲನೆ ಆಗುವುದಿಲ್ಲ. ಮೂಲ ಕಾಗದ ತೆಗೆದು ಬೆರಳಿಟ್ಟು ನೋಡಬೇಕು.

—

ತೋಟ ನೋಡಿಕೊಳ್ಳುವವ, ಮುಳ್ಳೇರಿಯ

ನಾನು ಓದಿದ್ದು ಕಮ್ಮಿ, ಆದರೂ ಬರೆಯುತ್ತೇನೆ. ಮೂರು ನಾಲ್ಕು ಮನೆಯವರ ಅಡಿಕೆ ತೋಟದ ಕೆಲಸ ನನ್ನ ಉಸ್ತುವಾರಿಯಲ್ಲಿ ನಡೆಯುತ್ತದೆ. 11 ಜನ ಆಳುಗಳು. ಧಣಿಗಳ ಮಗ ದುಬೈಯಿಂದ ವಾಟ್ಸಾಪಿನಲ್ಲಿ ಒಂದು ಪಟ್ಟಿ ಕಳಿಸಿದರು, ಎಐ ಹತ್ತಿರ ಮಾಡಿಸಿದ್ದು. ಯಾವ ತಿಂಗಳು ಯಾವ ಕೆಲಸ ಅಂತ. ಗೊಬ್ಬರದ್ದು, ನೀರಿನದ್ದು ಚೆನ್ನಾಗಿಯೇ ಇತ್ತು. ಕೊಳೆರೋಗಕ್ಕೆ ಮೊದಲ ಮದ್ದು ಜುಲೈ ಕೊನೆಗೆ ಅಂತ ಹಾಕಿತ್ತು. ಇಲ್ಲಿ ಜೂನಿನಲ್ಲಿ ಮಳೆ ಹಿಡಿಯುತ್ತದೆ. ಮಳೆ ಹಿಡಿಯುವ ಮೊದಲೇ ಒಂದು ಸಲ ಮದ್ದು ಬಿಟ್ಟಾಗಿರಬೇಕು. ಜುಲೈ ಕೊನೆಯವರೆಗೆ ಕಾದರೆ ಅಡಿಕೆ ಉದುರಿ ತೋಟದ ತುಂಬ ಹರಡಿರುತ್ತದೆ.

ನಾನು ಅವರಿಗೆ ಫೋನ್ ಮಾಡಿ ಹೇಳಿದೆ. ಅವರು ಬೇಜಾರು ಮಾಡಲಿಲ್ಲ. "ನಮ್ಮ ಊರು, ನಮ್ಮ ಮಳೆ ಅಂತ ಅದಕ್ಕೆ ಹೇಳಲೇ ಇಲ್ಲ ನಾನು" ಅಂದರು.

ಕೊಳೆರೋಗದ ಆ ಮದ್ದಿಗೆ ಬೋರ್ಡೋ ಅನ್ನುತ್ತೇವೆ. ಅದನ್ನು ಮಾಡುವಾಗ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಬಾಯಿಪಾಠ. ಆದರೂ ಪ್ರತಿ ಸಲ ಕತ್ತಿಯ ಅಲಗನ್ನು ಅದ್ದಿ ನೋಡುತ್ತೇವೆ. ಅಲಗು ಕೆಂಪಾದರೆ ಸುಣ್ಣ ಸಾಲದು, ಇನ್ನೂ ಹಾಕಬೇಕು. 30 ವರ್ಷ ಮದ್ದು ಮಾಡಿದವರೂ ಅದ್ದುತ್ತಾರೆ. ಯಾಕೆಂದರೆ ಸುಣ್ಣ ಪ್ರತಿ ಸಲ ಒಂದೇ ಥರ ಇರುವುದಿಲ್ಲ. ನಿಮ್ಮ ಆಫೀಸಿನಲ್ಲಿ ಆ ಕತ್ತಿ ಯಾವುದು ಅಂತ ನೋಡಿಕೊಳ್ಳಿ ಸಾರ್.

—

ನಿವೃತ್ತ ಬ್ಯಾಂಕಿನವ, ಮಂಜೇಶ್ವರ

ನನ್ನ ಶನಿವಾರದ ಐದು ಖಾತೆ ಅದೇ ಕತ್ತಿ. ಒಳ್ಳೆ ಮಾತು ಹೇಳಿದಿರಿ.

—

ಶಿಫ್ಟ್ ಇನ್‌ಚಾರ್ಜ್, ಹೊಸೂರು

ಕೃಷ್ಣಗಿರಿ ಜಿಲ್ಲೆಯ ಕನ್ನಡಿಗ ನಾನು. ನಮ್ಮ ಲೈನಿನಲ್ಲಿ ತಯಾರಾದ ಭಾಗಗಳನ್ನು ಕ್ಯಾಮೆರಾ ಇಟ್ಟು ಎಐ ನೋಡುತ್ತದೆ. ಗೀರು ಇದ್ದರೆ ಪಕ್ಕಕ್ಕೆ ತಳ್ಳುತ್ತದೆ. ಒಂದು ವಾರ ರಿಜೆಕ್ಟ್ ಜಾಸ್ತಿ ಆಯಿತು. ನಾನು ಹುಡುಗರನ್ನು ಗದರಿಸಿದೆ, ಕೆಲಸ ಸರಿ ಇಲ್ಲ ಅಂತ. ಪ್ಯಾಕಿಂಗಿನ ಹೆಂಗಸೊಬ್ಬರು ತಮಿಳಿನಲ್ಲಿ ಮೆಲ್ಲಗೆ ಹೇಳಿದರು, "ಸಾರ್, ಲೈಟ್ ಬದಲಾಯಿಸಿದ ದಿನದಿಂದ ಹೀಗೆ." ಹೌದು, ಮೇಲಿನ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿದ್ದರು. ಹೊಳಪನ್ನು ಅದು ಗೀರು ಅಂತ ನೋಡುತ್ತಿತ್ತು.

ನಾನು ಪರದೆಯ ಮೇಲಿನ ಸಂಖ್ಯೆ ನಂಬಿದೆ, ನನ್ನ ಜನರನ್ನು ನಂಬಲಿಲ್ಲ. ಆ ಹುಡುಗರ ಹತ್ತಿರ ಎಲ್ಲರೆದುರು ಕ್ಷಮೆ ಕೇಳಿದೆ. ನಿಮ್ಮ ಅಟೆಂಡರ್ ಅಕ್ಕನ ಮಾತು ಓದಿದಾಗ ಅದೇ ನೆನಪಾಯಿತು. ತಪ್ಪು ಮೊದಲು ಕಾಣುವುದು ಕೆಲಸದ ಹತ್ತಿರ ಇರುವವರ ಕಣ್ಣಿಗೆ. ಅವರು ಬಂದು ಹೇಳುವ ಹಾಗೆ ನಾವು ಇರುತ್ತೇವಾ ಅನ್ನುವುದೇ ಪ್ರಶ್ನೆ.

—

ಸಂಘದ ಕಾರ್ಯದರ್ಶಿ, ಕಾಸರಗೋಡು

ಮೂರು ವಾರ ಕಳೆದು ಬರೆಯುತ್ತಿದ್ದೇನೆ. ನೀವು ಹೇಳಿದ ಒಂದೊಂದು ಮಾತನ್ನೂ ಕಾಗದದಲ್ಲಿ ಬರೆದು ಇಟ್ಟುಕೊಂಡಿದ್ದೆ.

ಮೊದಲು ಮಹಾಸಭೆಯ ಸಂಗತಿ. ಕಲಾಪ ಶುರುವಾಗುವ ಮೊದಲೇ ಎದ್ದು ನಿಂತು ನೋಟೀಸಿನ ತಪ್ಪು ಓದಿದೆ. "ಲೆಕ್ಕಪತ್ರ ನೋಡುವುದು ನಿಮ್ಮ ಹಕ್ಕು, ಅವಕಾಶ ಅಂತ ಬರೆದದ್ದು ನನ್ನ ತಪ್ಪು" ಅಂದೆ. ಯಂತ್ರದ ಹೆಸರು ಎತ್ತಲಿಲ್ಲ. ಆ ಹಿರಿಯರು ಮುಂದಿನ ಸಾಲಿನಲ್ಲಿದ್ದರು. ಸಭೆ ಮುಗಿದು ಊಟಕ್ಕೆ ಕೂತಾಗ ನನ್ನ ಪಕ್ಕ ಬಂದು ಕೂತರು.

ಆಮೇಲೆ ಮೊಬೈಲಿನಲ್ಲಿ ನಾನೇ ಎಐ ಬಳಸಲು ಕಲಿತೆ. ಹುಡುಗನೇ ಕಲಿಸಿದ. ಹತ್ತು ದಿನ, ಸಂಜೆ ಅರ್ಧ ಗಂಟೆ. ನಾನೇ ಹತ್ತು ಸಲ ಕೇಳಿ, ಹತ್ತು ಸಲ ತಪ್ಪು ಹುಡುಕಿದ ಮೇಲೆ ಅದು ಎಲ್ಲಿ ಜಾರುತ್ತದೆ ಅಂತ ಅಂದಾಜು ಸಿಕ್ಕಿತು. ಸಂಖ್ಯೆ, ತಾರೀಕು, ಕಾಯಿದೆಯ ಪದ, ಊರಿನ ಹೆಸರು. ಈ ನಾಲ್ಕರ ಹತ್ತಿರ ನಾನು ಈಗ ಬೆರಳಿಟ್ಟು ಓದುತ್ತೇನೆ. ಬೇರೆಯವರಿಂದ ಕೇಳಿ ಇದು ಬರುತ್ತಿರಲಿಲ್ಲ.

ನಿವೃತ್ತರಾದ ನಮ್ಮ ಹಿರಿಯ ಗುಮಾಸ್ತರ ಮನೆಗೆ ಹುಡುಗನನ್ನು ಕರೆದುಕೊಂಡು ಹೋದೆ. ಅವರ ಹತ್ತಿರ ಒಂದು ನೋಟ್‌ಬುಕ್ ಇತ್ತು. ಮಲಯಾಳದಲ್ಲೂ ಕನ್ನಡದಲ್ಲೂ ಇರುವ, ಅರ್ಥ ಮಾತ್ರ ಬೇರೆ ಇರುವ ಪದಗಳು. ವರ್ಷಗಳಿಂದ ಬರೆದು ಇಟ್ಟದ್ದು. ಅದು ಇದೆ ಅಂತ ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರು ನಿವೃತ್ತರಾದ ದಿನ ಹಾರ ಹಾಕಿದೆವು, ಶಾಲು ಹೊದಿಸಿದೆವು, ನಿಮ್ಮ ಹತ್ತಿರ ಇರುವ ತಿಳಿವಳಿಕೆ ಏನು ಅಂತ ಕೇಳಲಿಲ್ಲ. ಈಗ ಆ ಪಟ್ಟಿಯನ್ನು ಹುಡುಗ ಟೈಪ್ ಮಾಡಿದ್ದಾನೆ. ಪ್ರತಿ ಸಲ ಎಐಗೆ ಅದನ್ನೂ ಜೊತೆಗೆ ಕೊಡುತ್ತೇವೆ. ಕೊನೆಯ ಓದು ಹಿರಿಯರದ್ದು. ಅದಕ್ಕೆ ಅವರಿಗೆ ಸಣ್ಣ ಸಂಭಾವನೆ ಕೊಡಲು ಆಡಳಿತ ಮಂಡಳಿ ಒಪ್ಪಿದೆ.

ಒಂದು ವಿಷಯ ಇನ್ನೂ ಬಗೆಹರಿದಿಲ್ಲ. ಮಂಡಳಿಯ ಸಭೆಯಲ್ಲಿ ಒಬ್ಬರು ಕೇಳಿದರು, "ಎಐಯಿಂದ ಕೆಲಸ ಬೇಗ ಆಗುತ್ತದಲ್ಲ, ಖಾಲಿ ಇರುವ ಗುಮಾಸ್ತ ಹುದ್ದೆ ತುಂಬಿಸುವುದು ಬೇಡವಲ್ಲ?" ನಾನು ಅಷ್ಟು ದಿನಗಳ ಲೆಕ್ಕ ಇಟ್ಟಿದ್ದೆ. ಉಳಿದ ಸಮಯ ಎಷ್ಟು, ಪರಿಶೀಲನೆಗೆ ಹೋದದ್ದು ಎಷ್ಟು ಅಂತ. ಉಳಿದದ್ದರಲ್ಲಿ ಸುಮಾರು ಅರ್ಧ ಪರಿಶೀಲನೆಗೇ ಹೋಗಿದೆ. ಇನ್ನರ್ಧದಲ್ಲಿ ಕೌಂಟರಿನಲ್ಲಿ ವಯಸ್ಸಾದವರಿಗೆ ಫಾರಂ ತುಂಬಿಸಿಕೊಡುತ್ತಿದ್ದೇವೆ, ಮೊದಲು ಅದಕ್ಕೆ ಜನ ಇರಲಿಲ್ಲ. ಹುದ್ದೆ ಬೇಕು ಅಂತ ಬರೆದು ಕೊಟ್ಟಿದ್ದೇನೆ. ಮುಂದಿನ ಸಭೆಗೆ ಇಟ್ಟಿದ್ದಾರೆ. ನನ್ನ ಲೆಕ್ಕ ಅವರಿಗೆ ಸಾಕಾಗದಿದ್ದರೆ ಒಂದು ದಿನ ಕೌಂಟರಿನಲ್ಲಿ ಬಂದು ಕೂರಿ ಅಂತ ಕರೆಯುತ್ತೇನೆ.

—

ಕುಂಬಳೆಯವಳು, ಈಗ ಬೆಂಗಳೂರು

ಅಣ್ಣ, ಪರಿಶೀಲನೆಯ ಸಮಯ ಬರೆದಿಟ್ಟದ್ದು ಬಹಳ ಒಳ್ಳೆಯದು ಮಾಡಿದಿರಿ. ನಮ್ಮಲ್ಲಿ ದೊಡ್ಡ ದೊಡ್ಡವರು ಉಳಿದದ್ದನ್ನು ಮಾತ್ರ ಲೆಕ್ಕ ಹಾಕುತ್ತಾರೆ. ಆ ಪದಗಳ ಪಟ್ಟಿಯನ್ನು ಇಲ್ಲಿ ಹಾಕಲು ಹಿರಿಯರು ಒಪ್ಪುತ್ತಾರಾ? ಗಡಿನಾಡಿನ ಪಂಚಾಯತ್, ಶಾಲೆ, ಬ್ಯಾಂಕು ಎಲ್ಲರಿಗೂ ಬೇಕಾಗುತ್ತದೆ.

—

ಸಂಘದ ಕಾರ್ಯದರ್ಶಿ, ಕಾಸರಗೋಡು

ಕೇಳಿದೆ. ಸಂತೋಷದಿಂದ ಒಪ್ಪಿದರು. ನಿಮಗೆ ಗೊತ್ತಿದ್ದದ್ದನ್ನೂ ಸೇರಿಸಿ ಅಂದಿದ್ದಾರೆ. ಸದ್ಯಕ್ಕೆ ಕೆಲವು: ಅನುವಾದಂ ಅಂದರೆ ಅನುಮತಿ. ಅವಕಾಶಂ ಅಂದರೆ ಹಕ್ಕು. ಅಪೇಕ್ಷ ಅಂದರೆ ಅರ್ಜಿ. ಸಂಸಾರಂ ಅಂದರೆ ಮಾತುಕತೆ. ಯೋಗಂ ಅಂದರೆ ಸಭೆ. ಉಳಿದದ್ದನ್ನು ಹುಡುಗ ನಾಳೆ ಹಾಕುತ್ತಾನೆ.

—

ಹೆಡ್ ಟೀಚರ್, ಕನ್ನಡ ಮಾಧ್ಯಮ ಶಾಲೆ

ಶಾಲೆಯ ಕಡೆಯಿಂದ ಎರಡು. ಉಪನ್ಯಾಸಂ ಅಂದರೆ ಪ್ರಬಂಧ, ಪ್ರಸಂಗಂ ಅಂದರೆ ಭಾಷಣ. ಮಕ್ಕಳ ಸ್ಪರ್ಧೆಯ ಸುತ್ತೋಲೆ ಬಂದಾಗ ಎರಡೂ ಒಟ್ಟಿಗೇ ಬರುತ್ತವೆ, ಜಾಗ್ರತೆ. ಪ್ರಬಂಧಕ್ಕೆ ಹೆಸರು ಕೊಟ್ಟ ಮಗು ಭಾಷಣಕ್ಕೆ ತಯಾರಾಗಿ ಬಂದದ್ದನ್ನು ನಾನು ನೋಡಿದ್ದೇನೆ.